ಪ್ಲೇಯರ್ಸ್ ದಾರಿ ಬಿಟ್ಟಾಗ ಡಿಎಂ ಕೈಯಲ್ಲಿ ಏನಿರ್ಬೇಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಟೇಬಲ್ ಸುತ್ತ ಕೂತು ಮಾತಲ್ಲೂ ಡೈಸಲ್ಲೂ ಕತೆ ಕಟ್ಟೋ ಆಟ, ಪ್ಲೇಯರ್ಸ್ ಒಬ್ಬೊಬ್ರು ಒಂದೊಂದು ಪಾತ್ರ ಆಡ್ತಾರೆ, ಉಳಿದ ಲೋಕ ಪೂರ್ತಿ ನಡೆಸೋರು ಡಿಎಂ, ಅಂದ್ರೆ ಡಂಜನ್ ಮಾಸ್ಟರ್. ಹೊಸದಾಗಿ ಇದನ್ನ ಆಡ್ಸೋಕೆ ಶುರು ಮಾಡಿರೋರು ನನ್ನ ಹತ್ರ ಮೊದ್ಲು ಕೇಳೋದು ಇದೇ: ನಾವು ಬರ್ಕೊಂಡು ಹೋಗಿದ್ದು ಒಂದು, ಪ್ಲೇಯರ್ಸ್ ಮಾಡಿದ್ದು ಇನ್ನೊಂದು, ಆಗೇನು ಗತಿ? ನಾನು ಬೆಂಗಳೂರಲ್ಲಿ ಗೆಳೆಯರಿಗೆ ಐದನೇ ಎಡಿಷನ್, ಅಂದ್ರೆ 2014ರದ್ದು, ಆಡಿಸ್ತೀನಿ, ಕನ್ನಡ ಇಂಗ್ಲಿಷ್ ಎರಡೂ ಕಲಸ್ಕೊಂಡು. ಬರೆದಿಟ್ಟ ಪ್ಲಾನ್ ಪ್ರಕಾರ ನಡೆದ ಸೆಷನ್ ನಮ್ಮಲ್ಲಿ ಅಪರೂಪ, ನಂಗೆ ಅದೇ ಇಷ್ಟ. ಮೊದ್ಲೇ ತೀರ್ಮಾನ ಆಗಿರೋ ಕತೆ ಬೇಕಿದ್ರೆ ಕಾದಂಬರಿ ಇದೆ, ವಿಡಿಯೋ ಗೇಮ್ ಇದೆ, ಭಾನುವಾರದ ಮಧ್ಯಾಹ್ನ ಬಿಟ್ಟು ಟ್ರಾಫಿಕ್ ದಾಟಿ ಜನ ಬಂದು ಕೂರೋದು ತಾವು ಮಾಡಿದ ನಿರ್ಧಾರದಿಂದ ಏನಾದ್ರೂ ಬದಲಾಗತ್ತೆ ಅಂತ.

ನಾನು ಮುಂದೆ ಏನಾಗತ್ತೆ ಅಂತ ಬರೆಯಲ್ಲ. ಯಾರಿಗೆ ಏನು ಬೇಕು ಅಂತ ಬರೀತೀನಿ, ಅಷ್ಟೇ. ಪ್ರತಿ ಎನ್‌ಪಿಸಿಗೆ (ಡಿಎಂ ಆಡಿಸೋ ಪಾತ್ರಕ್ಕೆ) ಎರಡು ಸಾಲು: ಇವನಿಗೆ ಬೇಕಾಗಿರೋದು ಏನು, ಇವನು ಹೆದರೋದು ಯಾವುದಕ್ಕೆ. ಒಂದು ಉದಾಹರಣೆ ಪೂರ್ತಿ ಹೇಳ್ತೀನಿ, ಇಲ್ಲಾಂದ್ರೆ ಇದು ಬರೀ ಉಪದೇಶ ಆಗತ್ತೆ.

ಹೊಳೆ ದಂಡೇಲಿ ಒಂದು ಊರು, ದೋಣಿ ಕಡವು, ಕಡವಲ್ಲಿ ಸುಂಕದ ಕಟ್ಟೆ. ಸುಂಕದ ಅಧಿಕಾರಿಗೆ ರಾಜಧಾನಿಗೆ ಬಡ್ತಿ ಬೇಕು, ಲೆಕ್ಕದ ಪುಸ್ತಕ ಯಾರಾದ್ರೂ ನೋಡಿಬಿಟ್ರೆ ಅನ್ನೋ ಹೆದರಿಕೆ. ಕಾಡಲ್ಲಿರೋ ದರೋಡೆ ಗ್ಯಾಂಗಿನ ನಾಯಕಿಗೆ ಜೈಲಲ್ಲಿರೋ ತಮ್ಮ ಬೇಕು, ಅವನು ಬರೋ ಮುಂಚೆ ತನ್ನ ಜನ ಚದುರಿ ಹೋಗ್ತಾರೆ ಅನ್ನೋ ಭಯ. ವ್ಯಾಪಾರಿಯ ಮಗನನ್ನ ಗ್ಯಾಂಗ್ ಹೊತ್ಕೊಂಡು ಹೋಗಿದೆ, ಪಾರ್ಟಿ, ಅಂದ್ರೆ ಪ್ಲೇಯರ್ಸ್ ಆಡೋ ಪಾತ್ರಗಳ ಗುಂಪು, ಹೋಗಿ ಬಿಡಿಸ್ಕೊಂಡು ಬರ್ಬೇಕು. ಗ್ಯಾಂಗ್ ಇರೋ ಹಳೇ ಗಣಿಯ ಮ್ಯಾಪ್, ಕಾವಲು, ಬಲೆ ಎಲ್ಲಾ ರೆಡಿ ಇತ್ತು. ನಮ್ಮ ರೋಗ್ (ಕಳ್ಳತನ, ಚಾಲಾಕಿನ ಪಾತ್ರ) ಗಣಿ ಬಾಯಿಗೆ ಹೋಗಿ ಕಾವಲಿನವನ ಮುಂದೆ ಕೈ ಎತ್ತಿ ನಿಂತು "ಅಣ್ಣ, ನಿಮ್ಮ ಗ್ಯಾಂಗಿಗೆ ಜನ ಬೇಕಾ?" ಅಂತ ಕೇಳಿದ್ಲು.

ಇಂಥ ಹೊತ್ತಲ್ಲಿ ನಾನು ಮೊದಲು ಮಾಡೋ ಕೆಲಸ ಡೈಸ್ ಹಾಕೋದು. ಇದೇ ಆಟದ 1981ರ ಬೇಸಿಕ್ ರೂಲ್ಸಲ್ಲಿ ರಿಯಾಕ್ಷನ್ ರೋಲ್ ಅಂತ ಇದೆ, ಎರಡು ಡಿ6, ಅಂದ್ರೆ ಆರು ಮುಖದ ಎರಡು ಡೈಸ್. 2 ಬಂದ್ರೆ ಕಂಡ ಕೂಡ್ಲೇ ಮೇಲೆ ಬೀಳ್ತಾರೆ, 3ರಿಂದ 5 ಅಂದ್ರೆ ಹಗೆ, 6ರಿಂದ 8 ಅಂದ್ರೆ ಏನ್ ಮಾಡ್ಬೇಕು ಅಂತ ಅವರಿಗೇ ಗೊತ್ತಾಗ್ತಿಲ್ಲ, 9ರಿಂದ 11 ಅಂದ್ರೆ ಹೊಡೆಯಲ್ಲ, ಒಂದೋ ಹೋಗಿಬಿಡ್ತಾರೆ ಇಲ್ಲಾ ಮಾತು ಕೇಳ್ತಾರೆ, 12 ಅಂದ್ರೆ ಸ್ನೇಹ. ಎರಡು ಡೈಸ್ ಇರೋದ್ರಿಂದ 36ರಲ್ಲಿ 16 ಸಲ ಮಧ್ಯದ 6-7-8ರಲ್ಲೇ ಬೀಳತ್ತೆ, 2 ಬೀಳೋದು ಒಂದೇ ಸಲ. ಅಂದ್ರೆ ಎದುರಿಗಿರೋರು ಹತ್ರ ಹತ್ರ ಅರ್ಧ ಸಲ ಅನುಮಾನದಲ್ಲಿ ಇರ್ತಾರೆ, ಮಾತಿಗೆ ಜಾಗ ಇರತ್ತೆ. ಐದನೇ ಎಡಿಷನ್ನಿಗೆ ಇದನ್ನ ಎತ್ಕೊಂಡು ಬಂದ್ರೆ ಯಾವ ತೊಂದ್ರೆನೂ ಇಲ್ಲ, ನಾನಂತೂ ಇದಿಲ್ಲದೆ ಆಡ್ಸಲ್ಲ. ಅವತ್ತು 9 ಬಿತ್ತು. ಸರಿ, ಕಾವಲಿನವನು ಒಳಗೆ ಕರ್ಕೊಂಡು ಹೋದ, ಮುಂದಕ್ಕೆ ನಾನು ಏನೂ ಕಷ್ಟಪಡ್ಬೇಕಾಗ್ಲಿಲ್ಲ, ನಾಯಕಿಗೆ ಏನು ಬೇಕು ಅಂತ ಬರೆದಿತ್ತಲ್ಲ. "ನನ್ನ ತಮ್ಮನ್ನ ಜೈಲಿಂದ ಬಿಡಿಸ್ಕೊಂಡು ಬನ್ನಿ, ಆಮೇಲೆ ನಂಬ್ತೀನಿ." ಗಣಿಯೊಳಗಿನ ಸೆಷನ್ ಊರೊಳಗಿನ ಜೈಲು ಒಡೆಯೋ ಸೆಷನ್ ಆಯ್ತು.

ಈ ಬುದ್ಧಿ ನಂಗೆ ಬಂದಿದ್ದು ರೂಲ್‌ಬುಕ್ಕಿಂದ ಅಲ್ಲ, ತಾಳಮದ್ದಳೆಯಿಂದ. ಉಡುಪಿ ಕಡೆಯವನು ನಾನು, ಚಿಕ್ಕಂದಿನಿಂದ ಕೇಳಿದೀನಿ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪ್ರಸಂಗದ ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡ್ತಾರೆ, ಆ ಮಾತು ಬರೆದಿಟ್ಟದ್ದಲ್ಲ. ವಾಲಿ ಬಿದ್ದಾಗ "ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಯಾವ ಧರ್ಮ" ಅಂತ ಕೇಳ್ತಾನೆ ಅನ್ನೋದು ಸಭೆಗೆಲ್ಲ ಗೊತ್ತು, ಆದ್ರೆ ಇವತ್ತಿನ ವಾಲಿ ಆ ವಾದಾನ ಯಾವ ಕಡೆಯಿಂದ ಎತ್ತುತ್ತಾನೆ ಅಂತ ರಾಮನ ಅರ್ಥ ಹೇಳೋರಿಗೆ ಗೊತ್ತಿರಲ್ಲ. ಒಳ್ಳೆ ಅರ್ಥಧಾರಿ ತಡವರಿಸಲ್ಲ, ರಾಮ ಏನನ್ನ ಬಿಟ್ಕೊಡ್ತಾನೆ ಏನನ್ನ ಬಿಟ್ಕೊಡಲ್ಲ ಅನ್ನೋದು ಅವರೊಳಗೆ ಗಟ್ಟಿಯಾಗಿ ಇರತ್ತೆ. ಇನ್ನು ಮಾತು ಸುತ್ತೋಕೆ ಶುರುವಾದ್ರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡ್ತಾರೆ. ಡಿಎಂಗೆ ಈ ಎರಡೂ ಕೆಲಸ ಒಟ್ಟಿಗೆ ಇರತ್ತೆ. ಜೈಲು ಒಡೆಯೋ ಪ್ಲಾನ್ ಬಗ್ಗೆ ನಮ್ಮೋರು ಸುಮಾರು ಹೊತ್ತು ಚರ್ಚೆ ಮಾಡ್ತಾ ಇದ್ದಾಗ ನಾನು "ಕತ್ತಲಾಯ್ತು, ಕಾವಲು ಬದಲಾಗೋ ಗಂಟೆ ಹೊಡೀತು" ಅಂದೆ, ಎಲ್ಲಾ ಎದ್ದು ಹೊರಟ್ರು. ವ್ಯತ್ಯಾಸ ಅಂದ್ರೆ ಪ್ರಸಂಗದಲ್ಲಿ ವಾಲಿ ಸಾಯಲೇಬೇಕು, ನಮ್ಮ ಆಟದಲ್ಲಿ ಯಾರ ಸಾವೂ ಬರೆದಿಲ್ಲ.

ಊರ ಜೈಲಿನ ಮ್ಯಾಪ್ ನನ್ನ ಹತ್ರ ಇರ್ಲಿಲ್ಲ, ನಂಗೆ ಬೇಕಾಗ್ಲೂ ಇಲ್ಲ. ಹಾಳೆ ಮೇಲೆ ಒಂದು ವೃತ್ತ ಬರೆದು ಆರು ಭಾಗ ಮಾಡಿ "ಊರು ಎಚ್ಚರ ಆಗೋದು" ಅಂತ ಬರೆದು ಎಲ್ರಿಗೂ ಕಾಣೋ ಹಾಗೆ ಇಟ್ಟೆ. ಇದು ಕ್ಲಾಕ್, 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ಅನ್ನೋ ಇಂಥದೇ ಇನ್ನೊಂದು ಆಟದಲ್ಲಿ ಇದೆ, 2017ರ ಬ್ಲೇಡ್ಸ್ ಇನ್ ದ ಡಾರ್ಕಲ್ಲಂತೂ ಅರ್ಧ ಆಟಾನೇ ಇದರ ಮೇಲೆ ನಡೆಯತ್ತೆ. ರೋಲ್ ಫೇಲ್ ಆದಾಗೆಲ್ಲ ಒಂದು ಭಾಗ ತುಂಬ್ತೀನಿ. ಇದರಿಂದ ಏನಾಗತ್ತೆ ಅಂದ್ರೆ ಒಂದು ಫೇಲ್‌ಗೆ ಇಡೀ ಪ್ಲಾನ್ ನೆಲಕ್ಕೆ ಬೀಳಲ್ಲ, ಪಾಸಾದ್ರೂ ನೆಮ್ಮದಿ ಇರಲ್ಲ, ಎಲ್ರ ಕಣ್ಣು ಆ ವೃತ್ತದ ಮೇಲೇ. ಡಿಸಿ, ಅಂದ್ರೆ ರೋಲ್ ಪಾಸಾಗೋಕೆ ಬೇಕಾದ ನಂಬರ್, ಅದರ ವಿಷಯದಲ್ಲಿ ತಲೆ ಕೆಡಿಸ್ಕೊಳ್ಳಲ್ಲ, ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20. ರೋಲ್ ಮಾಡೋ ಮುಂಚೆ ಮಾತ್ರ "ಇದರಿಂದ ನಿಂಗೆ ಏನಾಗ್ಬೇಕು?" ಅಂತ ತಪ್ಪದೆ ಕೇಳ್ತೀನಿ. ಗೋಡೆ ಹತ್ತುತೀನಿ ಅನ್ನೋನು ಒಳಗೆ ಹೋಗೋಕೆ ಹತ್ತುತಿದಾನಾ, ಬರೀ ನೋಡೋಕಾ ಅಂತ ಗೊತ್ತಾದ್ರೆ ಅರ್ಧ ಉತ್ತರ ಅಲ್ಲೇ ಸಿಗತ್ತೆ.

ಸುಂಕದ ಅಧಿಕಾರಿ ಜೊತೆ ಫೈಟ್ ಆಗತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ, ಅವನಿಗೆ ಸ್ಟ್ಯಾಟ್ಸೇ, ಅಂದ್ರೆ ಫೈಟಿಗೆ ಬೇಕಾದ ನಂಬರ್‌ಗಳೇ, ಇರ್ಲಿಲ್ಲ. ಗಣಿಯ ನಾಯಕಿಗೆ ಇಟ್ಟಿದ್ದ ಬ್ಯಾಂಡಿಟ್ ಕ್ಯಾಪ್ಟನ್ ಸ್ಟ್ಯಾಟ್ ಬ್ಲಾಕ್ ಹಾಗೇ ಅವನಿಗೆ ಕೊಟ್ಟೆ, ಎಸಿ (ಏಟು ತಗಲೋಕೆ ಬೇಕಾದ ನಂಬರ್) 15, ಹಿಟ್ ಪಾಯಿಂಟ್ (ತಡ್ಕೊಳ್ಳೋ ಶಕ್ತಿ) 65, ಕತ್ತಿ ಬದ್ಲು ಬೆಳ್ಳಿ ಹಿಡಿಯ ಕೋಲು ಅಂದೆ. ಪ್ಲೇಯರ್ಸಿಗೆ ಕಾಣೋದು ನಾವು ಹೇಳೋ ಮಾತು, ನಂಬರ್ ಅಲ್ಲ. ಹೆಸರುಗಳದ್ದು ಒಂದು ಪಟ್ಟಿ ಯಾವಾಗ್ಲೂ ಪಕ್ಕದಲ್ಲಿ ಇರತ್ತೆ, ಬಳಸಿದ್ದನ್ನ ಹೊಡೆದು ಹಾಕ್ತೀನಿ. ತೀರಾ ಏನೂ ಹೊಳೀದೇ ಇದ್ರೆ ಟೀ ಬ್ರೇಕ್ ತಗೊಳ್ಳಿ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ.

ಗ್ಯಾಂಗಿನ ಜಾಗದಲ್ಲಿ ಇದ್ದಾಗ ಒಬ್ಬ ಪ್ಲೇಯರ್ ಪಕ್ಕದವನಿಗೆ ಹೇಳ್ದ, "ಆ ಹುಡುಗನ್ನ ಯಾರೂ ಹೊತ್ಕೊಂಡು ಬಂದಿಲ್ಲ ಅನ್ಸತ್ತೆ, ಅವನೇ ಓಡಿ ಬಂದಿರ್ಬೇಕು." ನಾನು ಯೋಚಿಸಿದ್ದಕ್ಕಿಂತ ಅದೇ ಚೆನ್ನಾಗಿತ್ತು, ಅದನ್ನೇ ನಿಜ ಮಾಡ್ದೆ. ಆದ್ರೆ ಇಲ್ಲಿ ನಂಗೆ ಒಂದು ಗೆರೆ ಇದೆ. ಟೇಬಲ್ ಮೇಲೆ ಆಗ್ಲೇ ಬಂದಿರೋ ವಿಷಯ ಬದಲಾಯಿಸಲ್ಲ. ಹುಡುಗನ ಕೋಣೇಲಿ ರಕ್ತ ಕಂಡಿತ್ತು ಅಂತ ಹಿಂದಿನ ಸೆಷನ್ನಲ್ಲಿ ಹೇಳಿದ್ದಿದ್ರೆ ಆ ಊಹೆ ಎಷ್ಟೇ ಚಂದ ಇದ್ರೂ ತಗೊಳ್ತಿರ್ಲಿಲ್ಲ. ಹಾಗೇ ಪ್ಲೇಯರ್ಸ್ ಎಡಕ್ಕೆ ಹೋದ್ರೂ ಬಲಕ್ಕೆ ಹೋದ್ರೂ ಅದೇ ರಾಕ್ಷಸನ್ನ ಎದುರಿಗೆ ತಂದು ನಿಲ್ಸೋದು, ತುಂಬಾ ಜನ ಇದನ್ನ ಇಂಪ್ರೂವೈಸೇಷನ್ ಅಂತಾರೆ, ನಾನು ಒಪ್ಪಲ್ಲ. ಕೇಳಿ ತಿಳ್ಕೊಂಡು ಯೋಚಿಸಿ ದಾರಿ ಆರಿಸಿರ್ತಾರೆ, ಆ ಯೋಚನೆಗೆ ಬೆಲೆ ಇಲ್ಲ ಅಂತ ನಾವು ಗುಟ್ಟಾಗಿ ತೀರ್ಮಾನ ಮಾಡ್ದಂಗೆ ಆಗತ್ತೆ. ಗಣಿಯೊಳಗಿನ ಬಲೆಗಳು ಆಟಕ್ಕೆ ಬರ್ಲೇ ಇಲ್ಲ, ಇನ್ನೂ ನನ್ನ ಫೋಲ್ಡರಲ್ಲಿವೆ, ಇರ್ಲಿ.

ಇನ್ನೊಂದು ಮುಖ್ಯ ವಿಷಯ, ಪ್ಲಾನ್ ಬಿಟ್ಟಿದ್ದು ಇಡೀ ಟೇಬಲ್ಲಾ ಅಥವಾ ಒಬ್ರಾ ಅಂತ ನೋಡ್ಬೇಕು. ಅವತ್ತು ಪ್ಯಾಲಡಿನ್ (ಪ್ರತಿಜ್ಞೆಗೆ ಕಟ್ಟುಬಿದ್ದ ಯೋಧ) ಆಡ್ತಿದ್ದ ಗೆಳತಿ ಮಾತು ಕಡಿಮೆ ಮಾಡಿದ್ಲು, ಅವಳ ಕ್ಯಾರೆಕ್ಟರಿನ ಪ್ರತಿಜ್ಞೆಗೆ ದರೋಡೆಕೋರರ ಜೊತೆ ಸೇರೋದು ಆಗ್ಬರಲ್ಲ. ಇದಕ್ಕೆ ಕತೆಯೊಳಗೆ ಉತ್ತರ ಹುಡುಕ್ತಾ ಕೂರ್ಬಾರ್ದು, ಆಟ ನಿಲ್ಸಿ ನೇರವಾಗಿ ಕೇಳ್ಬೇಕು. ಕೇಳ್ದೆ. "ಜೈಲಿಗೆ ಬರ್ತೀನಿ, ಆದ್ರೆ ಆ ತಮ್ಮ ನಿರಪರಾಧಿ ಅಂತ ನಂಗೆ ಪುರಾವೆ ಬೇಕು" ಅಂದ್ಲು. ಅಧಿಕಾರಿ ಹೆದರೋ ಲೆಕ್ಕದ ಪುಸ್ತಕ ಆಟಕ್ಕೆ ಬಂದಿದ್ದು ಹೀಗೆ, ಅವಳ ಒಂದು ಮಾತಿಂದ, ಆಮೇಲೆ ಇಡೀ ಕ್ಯಾಂಪೇನ್, ಅಂದ್ರೆ ಸೆಷನ್ನಿಂದ ಸೆಷನ್ನಿಗೆ ಮುಂದುವರಿಯೋ ಕತೆ, ಆ ಪುಸ್ತಕದ ಹಿಂದೇನೇ ಹೋಯ್ತು.

ಸೆಷನ್ ಮುಗಿದ ರಾತ್ರೀನೇ ಬಾಯಿಗೆ ಬಂದದ್ದೆಲ್ಲ ಬರೆದಿಡಿ, ಕಾವಲಿನವನ ಹೆಸರು, ಜೈಲಿಗೆ ಎಷ್ಟು ಬಾಗಿಲು ಅಂದ್ರಿ, ಯಾರಿಗೆ ಏನು ಮಾತು ಕೊಟ್ರಿ, ಯಾಕಂದ್ರೆ ನಾವು ಮರೆತ್ರೂ ಪ್ಲೇಯರ್ಸ್ ಮರೆಯಲ್ಲ. ಎಲ್ರೂ ಬ್ಯಾಗ್ ಎತ್ಕೊಳ್ಳೋ ಮುಂಚೆ "ಮುಂದಿನ ಸಲ ಎಲ್ಲಿಗೆ ಹೋಗ್ತೀರ?" ಅಂತ ಕೇಳಿ, ಅವರು ಹೇಳಿದ ಕಡೆಗೆ ಮಾತ್ರ ಪ್ರೆಪ್ ಮಾಡಿ, ಅಲ್ಲಿರೋರಿಗೆಲ್ಲ ಆ ಎರಡೆರಡು ಸಾಲು ಬರ್ಕೊಳ್ಳಿ.