ಹಳೇ ಕಂಪ್ಯೂಟರ್ ಬದಲಿಸೋ ಮುಂಚೆ ಟಾಸ್ಕ್ ಮ್ಯಾನೇಜರ್ ನೋಡಿ

ಮನೆಯ ಹಳೇ ವಿಂಡೋಸ್ ಕಂಪ್ಯೂಟರ್ ನಿಧಾನ ಆಗಿದೆ, ಹೊಸದು ತಗೋಬೇಕಾ ಅಂತ ಯೋಚಿಸುತ್ತಿದ್ದರೆ ಮೊದಲು ಇಷ್ಟು ಮಾಡಿ. ದಿನಾ ಮಾಡುವ ಕೆಲಸಗಳನ್ನೆಲ್ಲ ತೆರೆದಿಟ್ಟು, ಅದು ಒದ್ದಾಡುವ ಹೊತ್ತಿಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಕಂಪ್ಯೂಟರಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ, ಸಿಪಿಯು (ಲೆಕ್ಕ ಮಾಡುವ ಪ್ರೊಸೆಸರ್), ಮೆಮೊರಿ (ತೆರೆದ ಕೆಲಸಗಳನ್ನು ಹಿಡಿದಿಡುವ ರ‍್ಯಾಮ್), ಡಿಸ್ಕ್ (ಫೈಲ್ ಉಳಿಯುವ ಜಾಗ) ಈ ಮೂರರಲ್ಲಿ ಯಾವುದು 100%ಗೆ ಅಂಟಿಕೊಂಡಿದೆ ನೋಡಿ. ಡಿಸ್ಕ್ ಆಗಿದ್ದು, ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಅದರ ಬದಲು ಚಿಪ್‌ನಲ್ಲಿ ಫೈಲ್ ಇಡುವ ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್‌ಡಿಸ್ಕ್‌ನಲ್ಲಿ ಪ್ರತಿ ಫೈಲ್ ಹುಡುಕಲು ಅದನ್ನು ಓದುವ ಮುಳ್ಳು ಅತ್ತಿತ್ತ ಓಡಬೇಕು, ಎಸ್‌ಎಸ್‌ಡಿಯಲ್ಲಿ ಓಡುವ ಭಾಗವೇ ಇಲ್ಲ. ವ್ಯತ್ಯಾಸ ಆನ್ ಮಾಡಿದ ಕೂಡಲೇ ಗೊತ್ತಾಗುತ್ತದೆ. ಮೆಮೊರಿ ತುಂಬಿದ್ದರೆ ರ‍್ಯಾಮ್ ಹೆಚ್ಚಿಸಿ. 4 ಜಿಬಿ ಈಗ ಬ್ರೌಸರ್ ಒಂದಕ್ಕೇ ಸಾಲಲ್ಲ, 8 ಆದರೂ ಬೇಕು. ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತಾರೆ, ಬದಲಿಸಲು ಆಗಲ್ಲ, ಅಂಗಡಿಗೆ ಹೋಗೋ ಮುಂಚೆ ಇಂಟರ್ನೆಟ್‌ನಲ್ಲಿ ಮಾಡೆಲ್ ನಂಬರ್ ಹಾಕಿ ನೋಡಿಕೊಳ್ಳಿ. ಸಣ್ಣ ಕೆಲಸಕ್ಕೂ ಸಿಪಿಯು ಮಾತ್ರ ಯಾವಾಗಲೂ ತುಂಬಿದ್ದರೆ, ವೈರಸ್ ಇಲ್ಲ ಅಂತ ಖಚಿತವಾದ ಮೇಲೆ, ಹೊಸದಕ್ಕೆ ದುಡ್ಡು ಕೂಡಿಸಿ. ಆಗ ರಿಪೇರಿಗೆ ಸುಮ್ನೆ ಖರ್ಚು ಮಾಡಬೇಡಿ.

ಈ ಲೆಕ್ಕ ತಪ್ಪುವುದು ಒಂದು ಕಡೆ. ವೇಗ ಚೆನ್ನಾಗಿದ್ದರೂ ಅದರಲ್ಲಿ ವಿಂಡೋಸ್ 10 ಇದ್ದರೆ, ಅದಕ್ಕೆ ಭದ್ರತಾ ಅಪ್‌ಡೇಟ್ ಸೇರಿದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಅದಿಲ್ಲದಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಬಹುದು. ಬ್ಯಾಂಕ್ ವ್ಯವಹಾರವನ್ನು ವಿಂಡೋಸ್ 10ರಲ್ಲೇ ಮಾಡುವವರು ಈ ಬದಲಾವಣೆ ಮುಂದೂಡಬೇಡಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಬೇರೆಲ್ಲ ಆಮೇಲೆ, ಮೊದಲು ಫೋಟೋಗಳನ್ನು ಕಾಪಿ ಮಾಡಿಟ್ಟುಕೊಳ್ಳಿ.