ತವರಿಗೆ ಹೊರಡೋ ಮುಂಚೆ ಒಂದು ಫೈಲ್ ಮಾಡಿಡಿ

ಅಕ್ಕ-ತಂಗಿಯರೇ, ಹೆರಿಗೆಗೆ ತವರಿಗೆ ಹೊರಟವರಿಗೆ ಒಂದು ಮಾತು. ತೊಟ್ಟಿಲು ಆಮೇಲೆ ನೋಡೋಣ, ಮೊದಲು ಕಾಗದ.

ಚೊಚ್ಚಲಿಗೆ ಕುಬಸ ಮುಗಿಸಿ ಜಮಖಂಡಿಯಿಂದ ಮುದ್ದೇಬಿಹಾಳಕ್ಕೆ ಹೋದೆ. ಉಂಡಿ, ಹಸಿರು ಇಳಕಲ್ ಸೀರೆ ಎಲ್ಲ ಜೊತೆಗೆ ಬಂತು. ಬಸಿರಿನ ತಪಾಸಣೆಯೆಲ್ಲ ಬರೆದಿಡೋ ತಾಯಿ ಕಾರ್ಡ್ ಮಾತ್ರ ಗಂಡನ ಮನೆಯ ತಿಜೋರಿಯಲ್ಲೇ ಉಳೀತು! ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಎಲ್ಲಾ ಮತ್ತೆ ಮಾಡಿಸಿದರು. ತಪ್ಪು ನನ್ನದೇ, ಆದರೂ ಸಿಟ್ಟು ಬಂತು.

ಎರಡನೇ ಸಲ ಜಿಪ್ ಇರೋ ಪ್ಲಾಸ್ಟಿಕ್ ಫೈಲ್ ತಂದೆ. ಮೇಲೆ ತಾಯಿ ಕಾರ್ಡ್, ಅದರ ಹಿಂದೆ ತಾರೀಖಿನ ಪ್ರಕಾರ ಸ್ಕ್ಯಾನಿಂಗ್ ರಿಪೋರ್ಟ್, ಆಮೇಲೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಝೆರಾಕ್ಸ್. ಖಾತೆ ನಿಮ್ಮ ಹೆಸರಲ್ಲೇ ಇರಲಿ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವ 5000 ರೂಪಾಯಿ ತಾಯಿಯ ಖಾತೆಗೇ ಬರುತ್ತದೆ. ಎಲ್ಲದರ ಫೋಟೋ ತೆಗೆದು ಅಣ್ಣನ ಫೋನಿಗೂ ಕಳಿಸಿದ್ದೆ. ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ತಿಳಿಸಿಬಿಡಿ.

ಬಟ್ಟೆಗೆ ಜಾಸ್ತಿ ಖರ್ಚು ಬೇಡ. ನಮ್ಮಜ್ಜನ ಹಳೇ ಧೋತರ ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಚೌಕ ಚೌಕ ಹರಿದು ಇಟ್ಟಿದ್ದೆ. ಅಷ್ಟು ಮೆತ್ತಗಿನ ಬಟ್ಟೆ ಅಂಗಡಿಯಲ್ಲಿ ಸಿಗಲ್ಲ ಬಿಡಿ. ಜೊತೆಗೆ ಎರಡು ಕುಲಾಯಿ, ಒಂದು ಸಣ್ಣ ಕೌದಿ ಸಾಕು.

ಕಬ್ಬಿಣದ ಗುಳಿಗೆಯನ್ನು ಚಹಾ ಜೊತೆ ನುಂಗಬೇಡಿ, ಮೈಗೆ ಹತ್ತಲ್ಲ. ರಾತ್ರಿ ನೋವು ಬಂದರೆ 108ಕ್ಕೆ ಫೋನ್ ಮಾಡಿ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಯ್ತಾ ಅಂತ ಕೇಳಿ, ಆ ಪತ್ರವನ್ನೂ ಅದೇ ಫೈಲಿಗೆ ಹಾಕಿ.