ಹೊಲಿಗೆ ಹಾಕುವ ಮೊದಲು: ಗಾಯಗೊಂಡ ಕೈಯಲ್ಲಿ ನರ ಉಳಿದಿದೆಯೇ ಎಂದು ನಾನು ನೋಡುವ ಕ್ರಮ

ಕಿಟಕಿ ಗಾಜೋ ಕುಡುಗೋಲೋ ತಗುಲಿ ಮಣಿಕಟ್ಟು ಕೊಯ್ದುಕೊಂಡವರು ಬಂದಾಗ ಮರಗಟ್ಟಿಸುವ ಔಷಧ ಲಿಗ್ನೋಕೇನ್ ಸಿರಿಂಜ್ ಟ್ರೇಯಲ್ಲೇ ಇರಲಿ. ಜಾಗ ಮರಗಟ್ಟಿದ ಮೇಲೆ ಸ್ಪರ್ಶ ಪರೀಕ್ಷಿಸಿ ಪ್ರಯೋಜನವಿಲ್ಲ. ರಕ್ತ ಸುರಿಯುತ್ತಿದ್ದರೆ ಗಾಜ್ ಬಟ್ಟೆ ಒತ್ತಿ ಹಿಡಿದು ಕೈ ಎತ್ತಿಸುತ್ತೇನೆ. ಒಳಗೇನಿದೆ ಎಂದು ಕಾಣದೆ ಗಾಯದೊಳಗೆ ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ ಇಕ್ಕುಳ) ಹಾಕುವುದಿಲ್ಲ. ಮಣಿಕಟ್ಟಿನ ಕಿರುಬೆರಳ ಬದಿಯಲ್ಲಿ ಅಲ್ನಾರ್ ಅಪಧಮನಿಯ ಪಕ್ಕದಲ್ಲೇ ಅಲ್ನಾರ್ ನರ ಸಾಗುತ್ತದೆ, ಗಾಜಿನಿಂದ ತಪ್ಪಿಸಿಕೊಂಡ ನರ ಫೋರ್ಸೆಪ್ಸಿಗೆ ಸಿಕ್ಕಿ ಜಜ್ಜಿಹೋಗುತ್ತದೆ.

ಬೆರಳು ಮಡಚಿ ಬಿಡಿಸಲು ಬಂದರೆ ನರ ಸರಿಯಿದೆ ಎಂದು ಬರೆದುಬಿಡುವವರು ಬಹಳ. ಬೆರಳು ಮಡಚುವ ಸ್ನಾಯುಗಳಿರುವುದು ಮುಂಗೈಯಲ್ಲಿ, ಅವುಗಳ ನರದ ಕವಲುಗಳು ಮಣಿಕಟ್ಟಿಗಿಂತ ಮೇಲೆಯೇ ಒಡೆದು ಹೋಗಿರುತ್ತವೆ. ಮಣಿಕಟ್ಟಿನಲ್ಲಿ ಮೀಡಿಯನ್ (ನಡುವಿನ ನರ), ಅಲ್ನಾರ್ ಎರಡೂ ತುಂಡಾಗಿದ್ದರೂ, ಸ್ನಾಯುವನ್ನು ಮೂಳೆಗೆ ಬಿಗಿಯುವ ಟೆಂಡನ್ ಉಳಿದಿದ್ದರೆ ಮುಷ್ಟಿ ಕಟ್ಟಬಹುದು. ಹಾಗಾಗಿ ಆಯಾ ನರವೇ ಮಾಡಬೇಕಾದ ಚಲನೆಯನ್ನು ಕೇಳಬೇಕು.

ಮೀಡಿಯನ್‌ಗೆ ಅಂಗೈ ಮೇಲೆ ಮಾಡಿಸಿ ಮೇಜಿನ ಮೇಲಿಟ್ಟು, ಹೆಬ್ಬೆರಳನ್ನು ನೇರ ಸೂರಿನ ಕಡೆಗೆ ಎತ್ತಿಸುತ್ತೇನೆ. ಮೇಲೆ ಹಿಡಿದ ಪೆನ್ನಿಗೆ ಅದು ತಾಗಬೇಕು. ಆಗ ಹೆಬ್ಬೆರಳ ಬುಡದ ದಿಬ್ಬದ ಮೇಲೆ ನನ್ನ ಬೆರಳಿಟ್ಟು, ಸ್ನಾಯು ಗಟ್ಟಿಯಾಯಿತೇ ಎಂದು ನೋಡುತ್ತೇನೆ. ಅಲ್ನಾರ್‌ಗೆ ತೋರುಬೆರಳನ್ನು ಹೆಬ್ಬೆರಳ ಕಡೆಗೆ ಅಗಲಿಸಿ ತಳ್ಳಲು ಹೇಳಿ, ಎರಡರ ನಡುವೆ ಹಿಂಗೈ ಮೇಲೆ ಉಬ್ಬುವ ಸ್ನಾಯುವನ್ನು ಮುಟ್ಟಿ ನೋಡುತ್ತೇನೆ. ಹೆಬ್ಬೆರಳು-ತೋರುಬೆರಳ ನಡುವೆ ಕಾಗದ ಹಿಡಿಸಿ ಎಳೆದಾಗ ಹೆಬ್ಬೆರಳ ತುದಿಗೆಣ್ಣು ಮಡಚಿಕೊಂಡರೆ ಅಲ್ನಾರ್ ಸೋತಿದೆ, ಮೀಡಿಯನ್ ಅದರ ಕೆಲಸ ಮಾಡಿಕೊಡುತ್ತಿದೆ.

ಮಣಿಕಟ್ಟು, ಬೆರಳುಗಳನ್ನು ಮೇಲೆತ್ತಿಸುವ ರೇಡಿಯಲ್ ನರ ಇನ್ನೂ ಮೋಸ ಮಾಡುತ್ತದೆ. ತೋಳಿನ ಮೂಳೆ ಮುರಿದು ಮಣಿಕಟ್ಟು ಜೋತುಬಿದ್ದವರೂ ಬೆರಳ ತುದಿಗೆಣ್ಣುಗಳನ್ನು ನೆಟ್ಟಗೆ ಮಾಡಬಲ್ಲರು, ಅಂಗೈಯೊಳಗಿನ ಸಣ್ಣ ಸ್ನಾಯುಗಳು ಅದನ್ನು ಮಾಡುತ್ತವೆ. ಮಣಿಕಟ್ಟನ್ನು ಕೈಯಿಂದ ಆನಿಸಿ ಹಿಡಿದು, ಬೆರಳುಗಳು ಬುಡದ ಗೆಣ್ಣಿನಿಂದ ಮೇಲೇಳುತ್ತವೆಯೇ ನೋಡಿ. ಮಣಿಕಟ್ಟು ಹೆಬ್ಬೆರಳ ಕಡೆಗೆ ವಾಲಿಕೊಂಡು ಎದ್ದು, ಬೆರಳು ಮಾತ್ರ ಏಳದಿದ್ದರೆ ಪೆಟ್ಟು ಬಿದ್ದಿರುವುದು ರೇಡಿಯಲ್ ನರದ ಹಿಂಭಾಗದ ಕವಲಿಗೆ. ಅಲ್ಲಿ ಚರ್ಮದ ಸ್ಪರ್ಶ ಪೂರ್ತಿ ಇರುತ್ತದೆ.

ಮೊಣಕೈ ಮೇಲ್ಭಾಗ ಮುರಿದುಕೊಂಡ ಮಕ್ಕಳಲ್ಲಿಯೂ ಹೀಗೆಯೇ: ಮೀಡಿಯನ್‌ನ ಮುಂಭಾಗದ ಕವಲು ಹೋಗಿದ್ದರೆ ಮರಗಟ್ಟುವಿಕೆ ಇರುವುದಿಲ್ಲ. ಹೆಬ್ಬೆರಳು, ತೋರುಬೆರಳು ಸೇರಿಸಿ ದುಂಡಗೆ ಉಂಗುರ ಮಾಡಲು ಹೇಳಿ. ತುದಿಗೆಣ್ಣು ಮಡಚಲಾಗದೆ ಉಂಗುರ ಚಪ್ಪಟೆಯಾಗುತ್ತದೆ. ಪುಟ್ಟ ಮಗು ಮಾತು ಕೇಳದಿದ್ದರೆ ಬೆರಳ ಚರ್ಮದ ಮೇಲೆ ಪ್ಲಾಸ್ಟಿಕ್ ಪೆನ್ನು ಸರಿಸುತ್ತೇನೆ. ಬೆವರುವ ಚರ್ಮ ಪೆನ್ನನ್ನು ತುಸು ಹಿಡಿಯುತ್ತದೆ, ನರ ಕಡಿದ ಚರ್ಮ ಒಣಗಿ ನುಣ್ಣಗೆ ಜಾರುತ್ತದೆ.

ಸ್ಪರ್ಶಕ್ಕೆ ಸೂಜಿ ಬೇಡ, ಹತ್ತಿ ಸಾಕು. ತೋರುಬೆರಳ ತುದಿ ಮೀಡಿಯನ್‌ಗೆ, ಕಿರುಬೆರಳ ತುದಿ ಅಲ್ನಾರ್‌ಗೆ, ಹೆಬ್ಬೆರಳು-ತೋರುಬೆರಳ ನಡುವಿನ ಹಿಂಗೈ ರೇಡಿಯಲ್‌ಗೆ. "ಗೊತ್ತಾಗುತ್ತಾ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಎರಡೂ ಕೈಯಲ್ಲಿ ಒಂದೇ ಥರ ಇದೆಯಾ?" ಎಂದು ಕೇಳಿ. ಬೆರಳು ಕೊಯ್ದಿದ್ದರೆ ಅದರ ಎರಡೂ ಅಂಚು ಬೇರೆಬೇರೆ ಮುಟ್ಟಿ. ಬೆರಳಲ್ಲಿ ನರ ಅಪಧಮನಿಗಿಂತ ಅಂಗೈ ಬದಿಗೆ ಇರುವುದರಿಂದ, ಅಂಗೈ ಬದಿಯ ಗಾಯದಲ್ಲಿ ರಕ್ತ ಚಿಮ್ಮಿದೆ ಎಂದರೆ ನರವೂ ಕತ್ತರಿಸಿರುವ ಸಾಧ್ಯತೆ ಹೆಚ್ಚು. ಅನುಮಾನ ಉಳಿದರೆ ಪೇಪರ್ ಕ್ಲಿಪ್ ಬಿಡಿಸಿ ಎರಡು ತುದಿಗಳ ನಡುವೆ 6 ಮಿ.ಮೀ. ಅಂತರವಿಟ್ಟು ಬೆರಳ ತುದಿಗೆ ಮೆಲ್ಲಗೆ ತಾಗಿಸಿ. ಸರಿಯಿರುವ ಬೆರಳು ಎರಡು ಚುಕ್ಕೆ ಎನ್ನುತ್ತದೆ.

ಕೇಸ್ ಶೀಟ್‌ನಲ್ಲಿ "ಡಿಎನ್‌ವಿಡಿ ಇಲ್ಲ" (ಗಾಯದಿಂದ ಕೆಳಗೆ ನರ, ರಕ್ತನಾಳಗಳಿಗೆ ಏಟಿಲ್ಲ) ಎಂದಷ್ಟೇ ಗೀಚಬೇಡಿ. ಪ್ರತಿ ನರದ ಹೆಸರು, ಚಲನೆ, ಸ್ಪರ್ಶ, ಸಮಯ ಬರೆಯಿರಿ. ಮೂಳೆ ಕೂರಿಸಿ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಕಟ್ಟು) ಹಾಕಿದ ಮೇಲೆ ಇದೆಲ್ಲವನ್ನೂ ಮತ್ತೆ ನೋಡಿ ಬರೆಯಬೇಕು. ಮೊದಲು ಇದ್ದ ಸ್ಪರ್ಶ ಗಂಟೆಗಂಟೆಗೆ ಕುಗ್ಗುತ್ತಾ, ಬೆರಳು ಚಾಚಿಸಿದರೆ ಮುಂಗೈಯಲ್ಲಿ ಪ್ರಾಣ ಹೋಗುವಂಥ ನೋವಿದ್ದರೆ ಒಳಗೆ ಒತ್ತಡ ಏರುತ್ತಿದೆ ಎಂದರ್ಥ: ಕಟ್ಟನ್ನು ಚರ್ಮ ಕಾಣುವವರೆಗೆ ಬಿಚ್ಚಿ ತಕ್ಷಣ ಸರ್ಜನ್‌ರನ್ನು ಕರೆಯಿರಿ, ಬೆಳಗಿನವರೆಗೆ ಕಾಯುವಂತಿಲ್ಲ.

ಹರಿತವಾದದ್ದು ಕೊಯ್ದು ಕೆಳಗೆ ಸ್ಪರ್ಶ ಇಲ್ಲವೆಂದರೆ, ಬಿಚ್ಚಿ ನೋಡುವ ತನಕ ಆ ನರ ಕಡಿದಿದೆ ಎಂದೇ ಹಿಡಿಯುತ್ತೇನೆ. ಗಾಯ ತೊಳೆದು, ಚರ್ಮ ಮುಚ್ಚಿ, ಸ್ಲ್ಯಾಬ್ ಹಾಕಿ, ಕೆಲವೇ ದಿನಗಳಲ್ಲಿ ನರ ಜೋಡಿಸಲು ಆಗುವಂತೆ ಕಳಿಸುತ್ತೇನೆ. ಚರ್ಮ ಒಡೆಯದೆ ತೋಳಿನ ಮೂಳೆ ಮುರಿದು ರೇಡಿಯಲ್ ಸೋತಿದ್ದರೆ ಬಹುಪಾಲು ತಾನಾಗಿ ಮರಳುತ್ತದೆ. ಮಣಿಕಟ್ಟಿಗೆ ಸ್ಪ್ಲಿಂಟ್ ಕೊಟ್ಟು, ಗೆಣ್ಣುಗಳು ಬಿಗಿಯದಂತೆ ದಿನವೂ ಆಡಿಸಲು ಹೇಳುತ್ತೇನೆ. ನರದಲ್ಲಿ ವಿದ್ಯುತ್ ಸಾಗುವುದನ್ನು ಅಳೆಯುವ ನರ್ವ್ ಕಂಡಕ್ಷನ್, ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿ ಪರೀಕ್ಷೆಗಳನ್ನು ಸುಮಾರು 3 ವಾರಕ್ಕಿಂತ ಮೊದಲು ಮಾಡಿಸಿದರೆ ಪೆಟ್ಟಿನ ನಿಜವಾದ ಆಳ ತಿಳಿಯುವುದಿಲ್ಲ.